ಶೀಶೆ ಮುಟ್ಟಿದವರು

ಕ್ಯಾನ್ಸರ್ ಅಂತ ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡು ಮನೆಗೆ ಬಂದ ಗಂಡಸು ನಮ್ಮ ಊರಲ್ಲಿ ಎರಡು ಸಾಮಾನು ತರುತ್ತಾನೆ. ಒಂದು, ನಳಿಗೆಗೆ ಜೋಡಿಸಿದ ಉಚ್ಚೆಯ ಚೀಲ. ಅದನ್ನು ಹದಿನೈದು ದಿನದಲ್ಲಿ ತೆಗೆದು ಬಿಸಾಕುತ್ತಾರೆ. ಇನ್ನೊಂದು, ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಶೀಶೆ, ಅದರೊಳಗೆ ಅವನದೇ ರಕ್ತ. ಅದು ಐದು ವರ್ಷ ಮನೆಯಲ್ಲಿರಬೇಕು. ಮೈಯೊಳಗೆ ಎಲ್ಲ ಸುಮ್ಮನಿದ್ದರೆ ಶೀಶೆ ತಣ್ಣಗಿರುತ್ತದೆ. ಒಳಗೆ ಎಲ್ಲೋ ಒಂದು ಕಡೆ ಉರಿ ಹತ್ತಿಕೊಂಡರೆ ಶೀಶೆ ಬಿಸಿಯಾಗುತ್ತದೆ. ಬಿಸಿ ಶೀಶೆಯವರಿಗೆಲ್ಲ ರೋಗ ತಿರುಗಿ ಬರುತ್ತದೆ ಅಂತಲ್ಲ. ಆದರೆ ತಿರುಗಿ ಬಂದವರಲ್ಲಿ ಬಹಳ ಜನರ ಶೀಶೆ ಮೊದಲೇ ಬಿಸಿಯಾಗಿತ್ತು. ನಾನು ಯಂಕಪ್ಪ, ವಯಸ್ಸು ಅರವತ್ತೆರಡು, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವವನು. ನನ್ನ ಶೀಶೆಗೆ ಹದಿನಾಲ್ಕು ತಿಂಗಳಾಗಿತ್ತು.

ಊರವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ ಹೊರಗಿನವರು ಕೇಳಿದರೆ ನಗಬೇಕು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ, "ಬೀಗರ ಶೀಶೆ ಎಲ್ಲೈತ್ರಿ?" ಅಂತ ಒಂಚೂರೂ ನಾಚಿಕೆಯಿಲ್ಲದೆ ಕೇಳುತ್ತಾರೆ. ನಮ್ಮ ಓಣಿಯ ಒಬ್ಬ ಸೊಸೆ ಚಳಿಗಾಲದಲ್ಲಿ ಮಾವನ ಶೀಶೆಯ ಮಗ್ಗುಲಲ್ಲೇ ಹಾಲಿಗೆ ಹೆಪ್ಪು ಹಾಕಿ ಇಡುತ್ತಿದ್ದಳು. ಕೊಯ್ದು ತೆಗೆಯುವಂಥ ಗಟ್ಟಿ ಮೊಸರು. ಮಾವ ಆ ಮೊಸರನ್ನೇ ಹೊಗಳಿಕೊಂಡು ಉಂಡು, ಎರಡನೇ ವರ್ಷ ಹೋದ. ಯಾರದಾದರೂ ಮನೆಯ ಬೆಕ್ಕು ಶೀಶೆ ಇಟ್ಟ ಗೋಡೆಯ ಗೂಡು ಬಿಟ್ಟು ಏಳುತ್ತಿಲ್ಲ ಅಂತ ಗೊತ್ತಾದರೆ, ಆ ಮನೆಯ ಮುಂದೆ ಜನ ದನಿ ಇಳಿಸಿ ಮಾತಾಡುತ್ತಾರೆ.

ಇದರಲ್ಲಿ ತೊಡಕು ಒಂದೇ. ಅವನವನ ಶೀಶೆ ಅವನವನ ಕೈಗೆ ಯಾವತ್ತೂ ತಣ್ಣಗೇ. ಥರ್ಮಾಮೀಟರ್ ಇಟ್ಟರೆ ಪಾದರಸ ಜಪ್ಪಯ್ಯ ಅಂದರೂ ಏರುವುದಿಲ್ಲ. ಇನ್ನೊಬ್ಬರ ಅಂಗೈಗೇ ಅದು ಗೊತ್ತಾಗಬೇಕು. ಹಾಗಾಗಿ ಊರಲ್ಲಿ ಒಂದು ಮರ್ಯಾದೆ ನಡೆದುಬಂದಿದೆ: ಇನ್ನೊಬ್ಬರ ಶೀಶೆ ಮುಟ್ಟಿದವರು ಕೈ ತೆಗೆಯುವ ಮೊದಲು ಹೇಳಿಬಿಡಬೇಕು, ತಣ್ಣಗೋ ಬಿಸಿಯೋ. ಕೈ ತೆಗೆದು, ಮುಖ ನೋಡಿ, ಯೋಚನೆ ಮಾಡಿ ಹೇಳುವ ಹಾಗಿಲ್ಲ. ಒಂಟಿ ಗಂಡಸರು ಬೆಳಿಗ್ಗೆ ಶೀಶೆ ಜೇಬಲ್ಲಿಟ್ಟುಕೊಂಡು ಚಹಾದಂಗಡಿಗೆ ಬರುತ್ತಾರೆ. ಪಕ್ಕದ ಗಿರಾಕಿ ಒಂದು ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಶೀಶೆ ಮುಟ್ಟಿ, "ತಣ್ಣಗ್ರೀ" ಅಂದು ಮತ್ತೆ ಸೊರ್ರನೆ ಹೀರತೊಡಗುತ್ತಾನೆ. ನನಗೆ ಆ ಕಷ್ಟ ಇರಲಿಲ್ಲ. ನನಗೆ ಹೆಂಡತಿ ತಿಪ್ಪವ್ವ ಇದ್ದಳು. ಬೆಳಿಗ್ಗೆ ರೊಟ್ಟಿ ಬಡಿಯಲು ಕೂರುವ ಮೊದಲು ಶೀಶೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, "ತಣ್ಣಗೈತಿ, ಏಳ್ರಿ" ಅನ್ನುತ್ತಿದ್ದಳು. ಆ "ಏಳ್ರಿ" ಕಿವಿಗೆ ಬಿದ್ದ ಮೇಲೇ ನಾನು ಹಾಸಿಗೆ ಬಿಡುತ್ತಿದ್ದುದು.

ಆಪರೇಶನ್ ಆದ ಮೊದಲ ಆರು ತಿಂಗಳು ನಾನು ಮನುಷ್ಯನಾಗಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಕೆಮ್ಮಿದರೆ ಒದ್ದೆ, ನಕ್ಕರೆ ಒದ್ದೆ. ಇನ್ನು ಕ್ಲಾರ್ನೆಟ್ಟಿಗೆ ಉಸಿರು ಕಟ್ಟಿ ಊದುವುದಂತೂ ಕೇಳುವುದೇ ಬೇಡ. ಮೂಲೆ ಹಿಡಿದು ಕೂತೆ, ಯಾರ ಹತ್ತಿರವೂ ಮಾತಿಲ್ಲ. ನನ್ನನ್ನು ಎಬ್ಬಿಸಿದವನು ಮೌಲಾಸಾಬ. ನಮ್ಮ ಬ್ಯಾಂಡಿನಲ್ಲೇ ಸೈಡ್ ಡ್ರಮ್ ಬಾರಿಸುವವನು, ಇದೇ ಆಪರೇಶನ್ ನನಗಿಂತ ಎರಡು ವರ್ಷ ಮೊದಲು ಮಾಡಿಸಿಕೊಂಡವನು. "ಬಿಗಿ ಹಿಡಿ, ಹತ್ತು ಎಣಿಸು, ಬಿಡು. ಬಸ್‌ಸ್ಟ್ಯಾಂಡಿನಾಗ ನಿಂತು ಮಾಡು, ಯಾರಿಗೆ ಗೊತ್ತಾಕ್ಕೈತಿ?" ಅಂತ ಕೆಳಗಿನ ಸ್ನಾಯುಗಳ ಕಸರತ್ತು ಕಲಿಸಿದ. ನಾನು ಮೆರವಣಿಗೆಗೆ ಮರಳುವ ಹೊತ್ತಿಗೆ, ನನಗೊಬ್ಬನಿಗೆ ಅವಮಾನ ಆಗಬಾರದು ಅಂತ ಇಡೀ ಬ್ಯಾಂಡಿನ ಬಿಳಿ ಪ್ಯಾಂಟು ತೆಗೆಸಿ ಎಲ್ಲರಿಗೂ ಕರಿ ಪ್ಯಾಂಟು ಹೊಲಿಸಿದ್ದ. ಕೇಳಿದವರಿಗೆ "ಹೊಸಾ ಫ್ಯಾಶನ್" ಅಂದ. ಇಂಥ ದೋಸ್ತನ ಮೇಲೆ ಅವತ್ತು ನನಗೆ ಕೆಟ್ಟ ಸಿಟ್ಟು ಬಂತು ನೋಡಿ.

ಅವತ್ತು ಸೋಮವಾರ. ತಿಪ್ಪವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಮುಂದಿನ ಮದುವೆಯ ಮೆರವಣಿಗೆ ಯಾವ ರಸ್ತೆ ಹಿಡಿಯಬೇಕು ಅಂತ ಮಾತಾಡಲು ಮೌಲಾಸಾಬ ಬಂದಿದ್ದ. ಬೀಡಿ ಹಚ್ಚಲು ಕಡ್ಡಿಪೆಟ್ಟಿಗೆಗೆ ಅಂತ ಗೂಡಿಗೆ ಕೈ ಹಾಕಿದ. ಕೈ ಶೀಶೆಗೆ ತಾಗಿತು. ನಾನು ಸುಮ್ಮನೆ ಕಾದೆ, ಈಗ ಹೇಳುತ್ತಾನೆ ಅಂತ. ಅವನು ಹೇಳಲಿಲ್ಲ. ಕೈ ತೆಗೆದುಬಿಟ್ಟ.

"ಯಾಕೋ ಮೌಲ್ಯಾ, ಹೇಳಲಿಲ್ಲ?"

"ಏನು ಹೇಳಬೇಕು?"

"ಶೀಶೆ ಮುಟ್ಟಿದೆಲ್ಲ."

"ಎಲ್ಲೋ ಯಂಕ್ಯಾ, ನಾ ಕಡ್ಡಿಪೆಟ್ಟಿಗಿ ತಗೊಂಡೆ ಅಷ್ಟ," ಅಂದ. ತೆಗೆದುಕೊಂಡ ಕಡ್ಡಿಪೆಟ್ಟಿಗೆಯನ್ನು ಗೀರಲಿಲ್ಲ. ಬೀಡಿಯನ್ನು ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡು, ಮೆರವಣಿಗೆಯ ರಸ್ತೆಯ ಮಾತನ್ನು ಅರ್ಧಕ್ಕೇ ಬಿಟ್ಟು, "ಬರ್ತೀನಿ, ಕೆಲಸೈತಿ" ಅಂತ ಎದ್ದುಹೋದ. ನಲವತ್ತು ವರ್ಷದಲ್ಲಿ ನಮ್ಮ ಮನೆಯ ಚಹಾ ಕುಡಿಯದೆ ಅವನು ಹೋದದ್ದು ಅದೇ ಮೊದಲು.

ಎದ್ದು ಶೀಶೆ ಹಿಡಿದೆ: ತಣ್ಣಗೆ. ಇಟ್ಟೆ. ಮತ್ತೆ ಹಿಡಿದೆ. ನನ್ನ ಕೈಗೆ ತಣ್ಣಗಲ್ಲದೆ ಇನ್ನೇನಿರುತ್ತದೆ? ಬೆಳಿಗ್ಗೆ ತಿಪ್ಪವ್ವ ತಣ್ಣಗೈತಿ ಅಂದಿದ್ದಳಲ್ಲ. ಅಂದಮೇಲೆ ಎರಡು ತಾಸಿನಲ್ಲಿ ಬಿಸಿಯಾಯಿತೆ? ಇಲ್ಲಾ ಮೌಲ್ಯಾ ನಿಜವಾಗಿಯೂ ಮುಟ್ಟಲಿಲ್ಲವೆ? ಇಲ್ಲಾ ತಿಪ್ಪವ್ವ... ಆ ಮೂರನೆಯದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯ ಬರಲಿಲ್ಲ. ಶೀಶೆಯನ್ನು ಅಂಗಿಯ ಜೇಬಿಗೆ ಇಳಿಸಿ, ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಮೊದಲು ಸಿಕ್ಕವನು ಇಸ್ತ್ರಿ ಅಂಗಡಿಯವನು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಶೀಶೆ ಹಿಡಿದು "ತಣ್ಣಗೈತ್ರಿ ಕ್ಲಾರ್ನೆಟ್ ಮಾಸ್ತರ" ಅಂದ. ಅವನ ಕೈಗೆ ಮುತ್ತು ಕೊಡಬೇಕು ಅನ್ನಿಸಿತು. ಹತ್ತಿಪ್ಪತ್ತು ಹೆಜ್ಜೆ ಕುಣಿಕುಣಿದೇ ನಡೆದೆ. ಆಮೇಲೆ ನನ್ನ ಬುದ್ಧಿಗೆ ಹೊಳೆಯಿತು: ದಿನವೆಲ್ಲಾ ಕೆಂಡದ ಪೆಟ್ಟಿಗೆ ಹಿಡಿಯುವವನ ಕೈಗೆ ಯಾವುದು ತಾನೇ ಬಿಸಿ? ನನ್ನ ಹಣೆಯನ್ನೇ ಮುಟ್ಟಿಸಿದರೂ ಹೆಣ ಅಂತಿದ್ದ. ಮುಂದೆ ಚಹಾದಂಗಡಿಗೆ ಹೋದೆ. ಯಾರೋ ಪರಸ್ಥಳದವನು, ಲಾರಿ ಡ್ರೈವರ್ ಇರಬೇಕು, ಬೆಂಚಿನ ಮೇಲೆ ಕೂತಿದ್ದ. ನಮ್ಮ ಊರಿನ ಮರ್ಯಾದೆ ಅವನಿಗೇನು ಗೊತ್ತು? ನಾನು ಕೊಟ್ಟ ಶೀಶೆ ಹಿಡಿದವನೇ "ಅಬ್ಬಾ, ಇದರೊಳಗ ಏನು ಹಾಕೀರಿ, ಇಷ್ಟು ಬಿಸಿ?" ಅಂದ. ಅಂಗಡಿಯಲ್ಲಿದ್ದ ಎಂಟು ಹತ್ತು ಜನ ಒಮ್ಮೆಲೇ ತಮ್ಮ ತಮ್ಮ ಚಹಾದ ಕಡೆ ನೋಡತೊಡಗಿದರು. ಮಾಲೀಕ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಕೂಡ್ರಿ ಮಾಸ್ತರ, ನೀರು ಕುಡೀರಿ" ಅಂದ. ನಾನು ಕೂರಲಿಲ್ಲ. ಕೂತರೆ ಏಳಲಾಗುವುದಿಲ್ಲ ಅನ್ನುವ ಹೆದರಿಕೆ.

ಮನೆಗೆ ಬಂದಾಗ ತಿಪ್ಪವ್ವ ಹಿಟ್ಟಿನ ಡಬ್ಬಿ ಇಳಿಸಿ ಗೂಡಿನ ಕಡೆಯೇ ನೋಡುತ್ತ ನಿಂತಿದ್ದಳು. ಶೀಶೆ ಅಲ್ಲಿಲ್ಲ ಅಂತ ನೋಡಿಯೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ನಾನು ಜೇಬಿನಿಂದ ತೆಗೆದು ಮುಂದೆ ಹಿಡಿದೆ. "ಹಿಡಿ. ಬೆಳಿಗ್ಗೆ ಅಂದೆಲ್ಲ, ಈಗ ಇನ್ನೊಮ್ಮೆ ಅನ್ನು."

ಅವಳು ಹಿಡಿದಳು. ಕೈ ತೆಗೆಯಲಿಲ್ಲ. ಹಿಟ್ಟು ಮೆತ್ತಿದ ಬೆರಳುಗಳಲ್ಲಿ ಶೀಶೆ ಮುಚ್ಚಿಹೋಗಿತ್ತು. "ಬಿಸಿ ಐತಿ," ಅಂದಳು.

"ಯಾವಾಗಿಂದ?"

"ನಲವತ್ತು ದಿನ ಆತು."

ನಲವತ್ತು ದಿನ! ನಲವತ್ತು ಬೆಳಗು ಅವಳು "ತಣ್ಣಗೈತಿ, ಏಳ್ರಿ" ಅಂದಿದ್ದಳು, ನಾನು ಎದ್ದಿದ್ದೆ, ಹಲ್ಲುಜ್ಜಿದ್ದೆ, ಊದಿದ್ದೆ, ಉಂಡಿದ್ದೆ. ಮದುವೆಯಾದ ಮೂವತ್ತೇಳು ವರ್ಷದಲ್ಲಿ ನಾನು ಅವಳ ಮೇಲೆ ಕೈ ಎತ್ತಿದವನಲ್ಲ. ಅವತ್ತು ನಾಲಿಗೆ ಎತ್ತಿದೆ. ಏನೇನು ಅಂದೆ ಅಂತ ಇಲ್ಲಿ ಹೇಳಲಾರೆ, ನನಗೇ ನಾಚಿಕೆ. ಕಡೆಗೆ, "ನನ್ನ ಸಾವು ಮುಚ್ಚಿಡಾಕ ನೀ ಯಾರು?" ಅಂದೆ.

ಅಲ್ಲಿಯವರೆಗೆ ತಲೆ ತಗ್ಗಿಸಿ ಕೇಳುತ್ತಿದ್ದವಳು ತಲೆ ಎತ್ತಿದಳು. "ನಿಮ್ಮ ಹಲ್ಲು ಮುಚ್ಚಿಡಾಕ ನೀವು ಯಾರು?" ಅಂದಳು.

ನನ್ನ ನಾಲಿಗೆ ತಾನಾಗಿ ಆ ಹಲ್ಲಿಗೆ ಹೋಯಿತು. ಮೇಲಿನ ಸಾಲಿನ ಮುಂದಿನ ಹಲ್ಲು, ಎರಡು ತಿಂಗಳಿಂದ ಬುಡದಲ್ಲಿ ಮಿಡಿಯುತ್ತಿತ್ತು. ವಸಡು ಬಾತು, ಒತ್ತಿದರೆ ಕೀವು. ಯಾರಿಗೂ ಗೊತ್ತಿಲ್ಲ ಅಂದುಕೊಂಡು ಲವಂಗ ಒತ್ತಿಕೊಂಡು, ಎಡಗಡೆಯಿಂದ ಅಗಿದುಕೊಂಡು ದಿನ ನೂಕುತ್ತಿದ್ದೆ. ಕ್ಲಾರ್ನೆಟ್ಟಿನ ಬಾಯಿಯನ್ನು ಮೇಲಿಂದ ಒತ್ತಿ ಹಿಡಿಯುವುದು ಆ ಹಲ್ಲೇ. ಅದು ಹೋದರೆ ಊದುವುದೂ ಹೋಯಿತು.

"ಹಾಸಿಗ್ಯಾಗ ಲವಂಗದ ವಾಸನಿ ನನಗ ಬರಂಗಿಲ್ಲೇನು?" ಅಂದಳು ತಿಪ್ಪವ್ವ. "ಶೀಶೆ ಬಿಸಿ ಆದ ದಿನಾನ ನನಗ ತಿಳೀತು, ಇದು ಹಲ್ಲಿನ ಉರಿ ಅಂತ. ಡಾಕ್ಟರಬಾಯಾರಿಗೆ ಹೇಳಿದ್ರ ಮೊದಲ ಹಲ್ಲು ಕೀಳಸ್ತಾರ. ಆರು ತಿಂಗಳು ನೀವು ಮೂಲಿ ಹಿಡಿದು ಕುಂತಾಗ ನಾ ಗ್ವಾಡಿ ಜೋಡಿ ಮಾತಾಡೀನಿ. ಊದಾಕ ಹತ್ತಿದ ಮ್ಯಾಲ ನೀವು ನನ್ನ ಜೋಡಿ ಮಾತಾಡಿದ್ರಿ. ಅದನ್ನ ಹೆಂಗ ಕಳೀಲಿ?"

"ಹಲ್ಲಿನ ಉರಿ ಅಲ್ಲದಿದ್ರ?"

ಅವಳು ಶೀಶೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ನಲವತ್ತು ದಿನ ಆ ಪ್ರಶ್ನೆಯನ್ನು ಒಬ್ಬಳೇ ಹೊತ್ತು ತಿರುಗಿದ್ದಳು ಅಂತ ಆಗ ಗೊತ್ತಾಯಿತು. ಸಿಟ್ಟು ಇಳಿಯಲಿಲ್ಲ, ಆದರೆ ಬೈಯುವುದನ್ನು ಬಿಟ್ಟೆ.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ನನ್ನ ಆಪರೇಶನ್ ಮಾಡಿದ ಡಾಕ್ಟರಬಾಯಿ ನಾಗರತ್ನಾ ಅಂಗಡಿ ಅವರು ಸಣ್ಣ ಆಳು, ದೊಡ್ಡ ದನಿ. ಶೀಶೆ ಹಿಡಿದು "ಬಿಸಿ" ಅಂದರು, ಆಮೇಲೆ ಕೈ ತೆಗೆದರು. ನನ್ನ ಬಾಯಿ ತೆಗೆಸಿ ನೋಡಿ ತಲೆ ಚಚ್ಚಿಕೊಂಡರು.

"ಕೇಳ್ರಿ ಯಂಕಪ್ಪನವರ. ರಕ್ತದಾಗ ಬಿಳಿ ಕಣ ಅಂತ ಇರ್ತಾವ. ಒಂದು ಜಾತಿ ಬೆಂಕಿ ಬಿದ್ದಲ್ಲಿ ಓಡೋದು, ಇನ್ನೊಂದು ಜಾತಿ ಮನಿ ಕಾಯೋದು. ಓಡೋ ಜಾತಿ ಹೆಚ್ಚಾಗಿ ಕಾಯೋ ಜಾತಿ ಕಮ್ಮಿ ಆತು ಅಂದ್ರ ಶೀಶೆ ಬಿಸಿ. ಬೆಂಕಿ ಬಿದ್ದೈತಿ ಅಂತ ಅದು ಹೇಳತೈತಿ. ಯಾರ ಮನ್ಯಾಗ ಬಿದ್ದೈತಿ ಅಂತ ಹೇಳಂಗಿಲ್ಲ. ಹಲ್ಲಿನಾಗ ಇರಬಹುದು. ಕೆಳಗ, ಗ್ರಂಥಿ ತಗದ ಜಾಗಾದಾಗ, ಉಳಿದ ಒಂದು ಕ್ಯಾನ್ಸರ್ ಕಣದ ಸುತ್ತಾನೂ ಇರಬಹುದು."

"ಪಿಎಸ್‌ಎ ಅಂತ ಕ್ಯಾನ್ಸರಿಗೆ ಇನ್ನೊಂದು ರಕ್ತ ಪರೀಕ್ಷೆ ಐತೆಲ್ರಿ?" ಅಂದೆ.

"ಹೋದ ಸಲ ಮಾಡಿದಾಗ ಅದು ಸೊನ್ನಿ ಸಮೀಪಾನ ಇತ್ತು. ಆದ್ರ ಶೀಶೆ ಅದಕ್ಕಿಂತ ಮೊದಲ ಎಚ್ಚರಾಗತೈತಿ. ಹಲ್ಲು ಹುಣ್ಣು ಏನೂ ಇಲ್ಲದ ಹತ್ತು ಮಂದಿ ಬಿಸಿ ಶೀಶೆ ತಂದ್ರ, ನಾಲ್ಕು ಮಂದಿಗೆ ತಿರುಗಿ ಬರತೈತಿ."

"ನಾ ನಾಲ್ಕರಾಗೋ ಆರರಾಗೋ ಬಾಯಾರ?"

"ಅದನ್ನ ಹೇಳಾಕ ನನಗ ಬರಂಗಿಲ್ಲ. ನಿಮ್ಮ ಹಲ್ಲು ಬಾಯಾಗ ಇರೋ ತನಕಾ ಯಾರಿಗೂ ಬರಂಗಿಲ್ಲ. ಅದನ್ನ ಕೀಳಸ್ರಿ. ಇಪ್ಪತ್ತೊಂದು ದಿನ ಶೀಶೆ ಯಾರೂ ಮುಟ್ಟಬ್ಯಾಡ್ರಿ, ಕಿತ್ತ ಗಾಯಕ್ಕೂ ಅದು ಬಿಸಿ ಆಗತೈತಿ. ಆಮ್ಯಾಲೂ ಬಿಸಿ ಇತ್ತಂದ್ರ ತಿಂಗಳಾ ತಿಂಗಳಾ ಪರೀಕ್ಷೆ. ಪಿಎಸ್‌ಎ ಅಂಕಿ ಒಂಚೂರು ಏರಿದ ದಿನಾನ ಕರೆಂಟ್, ಅಂದ್ರ ರೇಡಿಯೇಶನ್, ಕೊಡಸೂದು. ಬೇಗ ಸಿಕ್ಕರ ಕರೆಂಟಿನಾಗ ಸುಟ್ಟು ಹಾಕಬಹುದು. ತಡಾ ಮಾಡಿ ಎಲುಬಿಗೆ ಇಳೀತಂದ್ರ ನನ್ನ ಕಡೆ ಬರಬ್ಯಾಡ್ರಿ."

ಹಲ್ಲಿನ ಡಾಕ್ಟರ್ ನೋಡಿ, ಬೇರು ಕೊಳೆತಿದೆ, ಉಳಿಸುವ ಕಾಲ ದಾಟಿದೆ ಅಂದ. ಕೃತಕ ಹಲ್ಲು ಕೂರಿಸಬಹುದು, ಊದುವ ಭಾರ ಅದು ತಡೆಯುತ್ತದೋ ಇಲ್ಲವೋ ಹೇಳಲಾರೆ ಅಂತಲೂ ಅಂದ. ನಾನು ಎರಡು ದಿನದ ಅವಕಾಶ ಕೇಳಿದೆ. ಆ ಎರಡು ದಿನ ಓಣಿ ಸವೆಯುವಷ್ಟು ತಿರುಗಿದೆ. ಊದದೆ ಬದುಕಿದರೆ ಬದುಕೇನು ಅಂತ ಒಂದು ತಾಸು. ಸತ್ತಮೇಲೆ ಊದುವವರಾರು ಅಂತ ಒಂದು ತಾಸು. ಮೌಲಾಸಾಬನನ್ನು ಬೈಯಲು ಅಂತಲೇ ಅವನ ಮನೆಗೆ ಹೋದೆ. ಅವನು ಬಾಗಿಲಲ್ಲೇ ಎರಡೂ ಕೈ ಹಿಡಿದುಕೊಂಡು, "ತಪ್ಪಾತೋ ಯಂಕ್ಯಾ. ಹೇಳಬೇಕಿತ್ತು. ಬಾಯಿ ಬರಲಿಲ್ಲ," ಅಂತ ಹುಡುಗರ ಹಾಗೆ ಅತ್ತುಬಿಟ್ಟ. ಬೈಯಲು ಹೋದವನು ಅವನನ್ನೇ ಸಮಾಧಾನ ಮಾಡಿ ಬಂದೆ. ಬರುವಾಗ ದಾರಿಯಲ್ಲಿ ತೀರ್ಮಾನ ತಾನಾಗಿ ಆಯಿತು. ನನಗೆ ಬೇಕಾಗಿದ್ದದ್ದು ಗೊತ್ತಾಗುವುದು. ಗೊತ್ತಿಲ್ಲದ ಒಂದು ದಿನವನ್ನೂ ಇನ್ನು ನಾನು ತಡೆಯಲಾರೆ. ಮರುದಿನ ಹೋಗಿ ಹಲ್ಲು ಕೀಳಿಸಿದೆ. ಅದನ್ನು ಕಾಗದದಲ್ಲಿ ಸುತ್ತಿ ಕೊಡಲೇ ಅಂತ ಕೇಳಿದರು. ಬೇಡ ಅಂದೆ.

ಆಮೇಲೆ ಇಪ್ಪತ್ತೊಂದು ದಿನ. ತಿಪ್ಪವ್ವ ಶೀಶೆಯನ್ನು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಿಗ್ಗೆ ಅವಳು ಹೇಳಲು ಏನೂ ಇಲ್ಲ, ನನಗೆ ಏಳಲು ನೆವ ಇಲ್ಲ. ಕತ್ತಲಿದ್ದಾಗಲೇ ಎದ್ದು ಕೂರುತ್ತಿದ್ದೆ. ಕೂತಲ್ಲಿ ಕಾಲು ಕುಣಿಯುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ ಅಂತ ಕೂತು ಅಕ್ಕಿಯನ್ನೇ ಆರಿಸಿ ಚೆಲ್ಲುತ್ತಿದ್ದೆ. ನಾಲಿಗೆ ದಿನಕ್ಕೆ ಸಾವಿರ ಸಲ ಹಲ್ಲಿಲ್ಲದ ಕಿಂಡಿಗೆ ಹೋಗಿ ಬರುತ್ತಿತ್ತು. ಇಬ್ಬರಿಗೂ ಜಗಳಕ್ಕೆ ಕಾರಣವೇ ಬೇಕಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಬಾಗಿಲು ತೆರೆದೇ ಉಳಿಯಿತು, ಹೀಗೆ. ಒಂದು ದಿನ ಜಗಳದ ನಡುವೆಯೇ ನಾನು ಕೇಳಿದೆ:

"ಆ ದಿನ ನೀನೇ ಮುಟ್ಟತೀ ಏನು, ಬಾಯಾರ ಕಡೆ ಮುಟ್ಟಿಸೂಣೇನು?"

"ನಿಮಗ ಯಾರ ಮ್ಯಾಲ ನಂಬಿಕಿ ಐತೋ ಅವರ ಕಡೆ ಮುಟ್ಟಸ್ರಿ," ಅಂದು ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು. ಮೂರು ದಿನ ಆ ಮಾತನ್ನೇ ಮೆಲುಕು ಹಾಕಿದೆ. ಅವಳ ಮೇಲೆ ನಂಬಿಕೆ ಇಲ್ಲ ಅನ್ನುವುದು ನಿಜ. ಅವಳನ್ನು ಬಿಟ್ಟು ಇನ್ನೊಬ್ಬರ ಬಾಯಿಂದ ಅದನ್ನು ಕೇಳಲಾರೆ ಅನ್ನುವುದೂ ಅಷ್ಟೇ ನಿಜ. ನಾಲ್ಕನೇ ದಿನ ಉಣ್ಣುತ್ತ, "ನೀನೇ ಮುಟ್ಟು" ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಕಣ್ಣು ಒರೆಸಿಕೊಂಡಳು.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅವಳು ಜಳಕ ಮಾಡಿ ಬಂದು ಟ್ರಂಕು ತೆರೆದಳು. ಕೈ ತಣ್ಣೀರಿನಿಂದ ತಣ್ಣಗಿದ್ದೀತು ಅಂತ ಎರಡೂ ಅಂಗೈ ಸೆರಗಿನಲ್ಲಿ ಒರೆಸಿ, ಸ್ವಲ್ಪ ಹೊತ್ತು ಕಂಕುಳಲ್ಲಿಟ್ಟುಕೊಂಡು ಹದ ಮಾಡಿಕೊಂಡಳು. ಬಟ್ಟೆಯ ಗಂಟು ಬಿಚ್ಚಿದಳು. ನಾನು ಹಾಸಿಗೆಯ ಮೇಲೆ ಕೂತು ಅವಳ ಮುಖ ನೋಡಲು ಹೋದೆ, ಆಗಲಿಲ್ಲ, ನೆಲ ನೋಡಿದೆ. ಅವಳು ಶೀಶೆಯನ್ನು ಹಿಡಿದಳು. ಓಣಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಆ ಸದ್ದನ್ನು ಎಣಿಸಿದೆ. ಆರು. ಏಳು.

"ಬಿಸಿ ಐತಿ," ಅಂದಳು. ಕೈ ತೆಗೆದಿರಲಿಲ್ಲ.

"ಎಷ್ಟು ಬಿಸಿ?"

"ಆಗಿಂದಾಗ ಹಿಂಡಿದ ಹಾಲು ಇರತೈತೆಲ್ಲ, ಅಷ್ಟು."

"ಮೊದಲಿಗಿಂತ ಕಮ್ಮಿ ಆಗೇತೇನು?"

"ಸ್ವಲ್ಪ ಕಮ್ಮಿ ಆಗೇತಿ. ಹಲ್ಲಿಂದು ಹೋಗೇತಿ. ಉಳದದ್ದು ಐತಿ." ಅವಳು ಶೀಶೆಯನ್ನು ಬಟ್ಟೆಯ ಮೇಲಿಟ್ಟಳು. "ತಣ್ಣಗೈತಿ ಅಂತ ಅನ್ನಾಕ ನಾಲಗಿ ತುದೀಗೆ ಬಂದಿತ್ತು ನೋಡ್ರಿ. ದೇವರಾಣಿ, ತುದೀಗೆ ಬಂದಿತ್ತು."

"ಮತ್ಯಾಕ ಅನ್ನಲಿಲ್ಲ?"

"ನೀನೇ ಮುಟ್ಟು ಅಂದ್ರೆಲ್ಲ," ಅಂದಳು.

ನನಗೆ ಹೆದರಿಕೆಯಾಯಿತು. ಆದರೆ ಒಂದು ವಿಚಿತ್ರ. ಇಪ್ಪತ್ತೊಂದು ದಿನದಿಂದ ಕುಣಿಯುತ್ತಿದ್ದ ಕಾಲು ನಿಂತಿತ್ತು. ಎದ್ದು ಅವಳ ಪಕ್ಕ ಹೋಗಿ ಕೂತೆ. ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, "ಒಂಬತ್ತರ ಬಸ್ಸಿಗೆ ಹೋಗೂಣು. ತಡಾ ಮಾಡೂದು ಬ್ಯಾಡ. ಬಾಯಾರು ಬೇಗ ಸಿಕ್ಕರ ಸುಡಬಹುದು ಅಂದಾರ," ಅಂದಳು. ನಾನು ಹೂಂ ಅಂದೆ. ರೊಟ್ಟಿ ಕಟ್ಟಿಕೊಂಡಳು, ಹಳೆಯ ರಿಪೋರ್ಟುಗಳ ಚೀಲ ಹುಡುಕಿದಳು. ನಾನು ಅಂಗಿ ಹಾಕಿಕೊಂಡೆ.

ಹೊರಗೆ ಬಾಗಿಲ ಹತ್ತಿರ ಮೌಲಾಸಾಬ ಕೂತಿದ್ದ. ದಿನ ಎಣಿಸಿಕೊಂಡು ಬಂದಿದ್ದ, ಒಳಗೆ ಬರುವ ಧೈರ್ಯ ಸಾಲದೆ ಕಟ್ಟೆಯ ಮೇಲೇ ಉಳಿದಿದ್ದ. ನಮ್ಮಿಬ್ಬರ ಮುಖ ನೋಡಿ ಎದ್ದು ನಿಂತ.

"ಬಿಸಿ ಐತಿ," ಅಂದೆ.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. "ಕೊಡಿಲ್ಲೆ. ನಾನೂ ಒಮ್ಮೆ ಮುಟ್ಟಿ ನೋಡತೀನಿ. ಈ ಸಲ ಹೇಳತೀನೋ, ಖರೇನ ಹೇಳತೀನಿ."

"ಬ್ಯಾಡೋ," ಅಂದೆ. "ತಿಪ್ಪವ್ವ ನೋಡ್ಯಾಳ."